ಕನಕಮ್ಮ ತನಗೂ ಮಾತ್ರೆ ಕೇಳಿದ ದಿನ

ನಮ್ಮ ಮಾನಸಿಕ ಚಿಕಿತ್ಸಾಲಯದಲ್ಲಿ ಡಾಕ್ಟರಿಗೆ ಎದುರು ಮಾತಾಡಿದವಳು ಒಬ್ಬಳೇ, ಆಯಾ ಕನಕಮ್ಮ. ಮಾತ್ರೆ ಕಟ್ಟಿಕೊಡುತ್ತಿದ್ದ ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಆಕೆಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೂ ಬಾಯಿ ಬಿಟ್ಟದ್ದು ಆಕೆ, ನಾನಲ್ಲ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ.

೧೯೮೪ರ ಮಾತು. ಬಂಗಾರಪೇಟೆ ಸ್ಟೇಷನ್ ಹಿಂದಿನ ಛತ್ರವೊಂದರಲ್ಲಿ ತಿಂಗಳಿಗೊಂದು ಭಾನುವಾರ ಚಿಕಿತ್ಸಾಲಯ ನಡೆಯುತ್ತಿತ್ತು. ಬೆಂಗಳೂರಿನಿಂದ ಡಾಕ್ಟರು ರೈಲಿನಲ್ಲಿ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಕಾಫಿಗೂ ಏಳುತ್ತಿರಲಿಲ್ಲ. ಆದರೆ ಎಂಬತ್ತು ಜನಕ್ಕೆ ಅವರೊಬ್ಬರೇ. "ನಿದ್ದೆ ಬರುತ್ತಾ? ಕಿವಿಯಲ್ಲಿ ಯಾರಾದರೂ ಮಾತಾಡ್ತಾರಾ?" ತಲೆ ಎತ್ತದೆ ಕೇಳುವುದು, ಬರೆಯುವುದು, ಮುಂದಿನವರು. ಮೂರು ನಿಮಿಷದಲ್ಲಿ ಒಬ್ಬರ ಬಾಳು ಮುಗಿಯುತ್ತಿತ್ತು.

ಕನಕಮ್ಮ ಬರುತ್ತಿದ್ದದ್ದು ಕೋರಮಂಡಲ್ ಚಿನ್ನದ ಗಣಿಯ ಕೂಲಿಕಾರರ ಲೈನ್ ಮನೆಯಿಂದ. ರೋಗಿಗಳನ್ನು ನಂಬರಿನಿಂದ ಕೂಗು ಎಂದು ನಾನು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. "ಬಚ್ಚಪ್ಪಣ್ಣ, ಒಳಗೆ ಬಾ. ಅಕ್ಕಯ್ಯಮ್ಮ, ಊಟ ಆಯ್ತಾ?" ತಮಿಳರಿಗೆ ತಮಿಳು, ತೆಲುಗರಿಗೆ ತೆಲುಗು. ಕಿರುಚುವವರ ಪಕ್ಕದಲ್ಲಿ ಕೂತು ಎಲೆಅಡಿಕೆ ಮಡಿಚಿ ಕೊಡುತ್ತಿದ್ದಳು. ಹುಚ್ಚ ಎಂಬ ಮಾತು ಕಿವಿಗೆ ಬಿದ್ದರೆ ಪೊರಕೆ ಎತ್ತುತ್ತಿದ್ದಳು, ಒಂದು ಸಲ ನನ್ನ ಮೇಲೂ.

ಅವಳ ರೈಲಿನಲ್ಲೇ ಪೆರುಮಾಳ್ ಬರುತ್ತಿದ್ದ. ಗಣಿಯೊಳಗೆ ಬಂಡೆ ಕುಸಿದು ಜೊತೆಗಾರ ಕುಪ್ಪುಸ್ವಾಮಿ ಕಣ್ಣೆದುರೇ ಸತ್ತ ಮೇಲೆ ಇವನ ಮನಸ್ಸು ಕೆಟ್ಟಿತ್ತು. ಈಗ ಮೇಲೆ, ಲ್ಯಾಂಪ್ ರೂಮಿನಲ್ಲಿ, ಕೆಳಗಿಳಿಯುವವರಿಗೆ ದೀಪ ಕೊಡುವ ಕೆಲಸ. ಪ್ರತಿ ತಿಂಗಳೂ ಅವನದು ಒಂದೇ ದೂರು: "ಮಂಚದ ಕೆಳಗೆ ಭೂಮಿ ನಡುಗ್ತದೆ ಸಾಮಿ. ಪಾತ್ರೆ ಬೀಳ್ತವೆ." ಡಾಕ್ಟರು ಭ್ರಮೆ ಎಂದು ಬರೆದು ಮಾತ್ರೆ ಹೆಚ್ಚಿಸುತ್ತಿದ್ದರು. ಕೈ ಅದುರತೊಡಗಿತು, ಬಾಯಲ್ಲಿ ಜೊಲ್ಲು, ದೀಪ ಹಿಡಿದೇ ತೂಕಡಿಕೆ.

ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಲೈನ್ ಮನೆಗಳು ನಿಜವಾಗಿಯೂ ನಡುಗುತ್ತವೆ. ಅಲ್ಲಿಯ ಹೆಂಗಸರು ಪಾತ್ರೆ ಬೀಳದಿರಲೆಂದು ಗೂಡಿಗೆ ಅಡ್ಡ ದಾರ ಕಟ್ಟಿರುತ್ತಾರೆ. ಬೆಂಗಳೂರಿನ ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಷ್ಟು ಓದಿದವರಿಗೆ ನಾನೇನು ಹೇಳುವುದು ಅಂತ ತೆಪ್ಪಗೆ ಮಾತ್ರೆ ಕಟ್ಟುತ್ತಿದ್ದೆ.

ಆ ಭಾನುವಾರ ಡಾಕ್ಟರು, ಇವನನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಬೇಕು ಎಂದು ಕಾಗದ ಬರೆಯತೊಡಗಿದರು. "ಕೆಲಸ ಓಯ್ತದೆ ಸಾಮಿ," ಎಂದ ಪೆರುಮಾಳ್. ಯಾವಾಗಲೂ ಬಾಗಿಲಾಚೆ ಇರುತ್ತಿದ್ದ ಕನಕಮ್ಮ ಅವತ್ತು ಯಾರೋ ಚೆಲ್ಲಿದ ನೀರು ಒರೆಸಲು ಒಳಗೆ ಬಂದಿದ್ದಳು.

"ಯಾಕೆ ಸಾರ್, ಏನಾಯ್ತು ಇವನಿಗೆ?"

"ಭೂಮಿ ನಡುಗುತ್ತೆ ಅಂತಾನಮ್ಮ. ಯಾವ ಮಾತ್ರೆಗೂ ಬಗ್ತಾ ಇಲ್ಲ."

"ಓದ ಮಂಗಳವಾರ ತಾನೇ? ನಮ್ಮನೇಲೂ ನಡುಗ್ತು. ಅನ್ನದ ತಪ್ಪಲೆ ಬಿದ್ದು ಸೊಟ್ಟಗಾಯ್ತು. ನಂಗೂ ಮಾತ್ರೆ ಬರೀರಿ ಸಾರ್."

ಡಾಕ್ಟರು ತಲೆ ಎತ್ತಿದರು. ಅಷ್ಟರಲ್ಲಿ ಇವಳು ಪರದೆ ಸರಿಸಿ ಹಜಾರಕ್ಕೆ ಕೂಗಿಬಿಟ್ಟಳು: "ಕೋರಮಂಡಲ್‌ನೋರೇ, ಮಂಗಳವಾರ ಯಾರ್ಯಾರ ಮನೆ ನಡುಗ್ತು? ಕೈ ಎತ್ತಿ!" ರೋಗಿಗಳು, ಜೊತೆಗೆ ಬಂದವರು, ಟೀ ತಂದಿದ್ದ ಮುನಿಸ್ವಾಮಪ್ಪ, ಅಲ್ಲಿಂದ ಬಂದವರೆಲ್ಲರೂ ಕೈ ಎತ್ತಿದರು. "ಇವ್ರಿಗೆಲ್ಲಾ ಒಂದೊಂದು ಚೀಟಿ ಬರೀರಿ."

ಅವಳ ಕೆಲಸಕ್ಕೆ ಇವತ್ತು ಎಳ್ಳುನೀರು ಎಂದುಕೊಂಡೆ. ಡಾಕ್ಟರ ಮುಖ ಕೆಂಪಾಗಿತ್ತು. ಬರೆಯುತ್ತಿದ್ದ ಕಾಗದ ಹರಿದು, ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ಅವನೆದುರು ಕೂತರು.

"ಪೆರುಮಾಳ್, ತಪ್ಪು ನನ್ನದು. ನೀವು ನಿಜ ಹೇಳಿದಿರಿ, ನಾನು ಕೇಳಲಿಲ್ಲ."

ನಾನು ಆಮೇಲೆ ಎಷ್ಟೋ ಡಾಕ್ಟರುಗಳನ್ನು ಕಂಡೆ. ರೋಗಿಗೆ ಈ ಮಾತು ಹೇಳಿದವರು ಇವರೊಬ್ಬರೇ. ಅವರ ಮೇಲೂ ನನಗೆ ಗೌರವ ಹುಟ್ಟಿದ್ದು ಆವತ್ತೇ. ಪೆರುಮಾಳ್ ಬಾಗಿಲಲ್ಲಿದ್ದ ಕನಕಮ್ಮನ ಕಡೆ ನೋಡಿದ. "ಯೋಳಪ್ಪಾ," ಎಂದಳು ಆಕೆ.

"ಭೂಮಿ ನಡುಗೋದು ಎಲ್ಲಾರಿಗೂ ಗೊತ್ತು ಸಾಮಿ. ಆದ್ರೆ ಕುಪ್ಪುಸ್ವಾಮಿ ಕೂಗ್ತಾನೆ, ದಿನಾ. ಅದು ನಂಗೊಬ್ಬನಿಗೇ ಕೇಳ್ಸೋದು. ನಿಜಾನೇ ನಂಬ್ದೇ ಇರೋರಿಗೆ ಇದನ್ನ ಎಂಗೆ ಯೋಳೋದು ಅಂತ ಸುಮ್ಕಿದ್ದೆ. ಅದಕ್ಕೆ ಮಾತ್ರೆ ಕೊಡಿ ಸಾಮಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕನಕಮ್ಮ ಅವರಿಬ್ಬರನ್ನೇ ಒಳಗೆ ಬಿಟ್ಟು ಪರದೆ ಎಳೆದಳು. ಆಮೇಲೆ ಹನ್ನೊಂದು ವರ್ಷ ಪೆರುಮಾಳ್ ಅದೇ ಲ್ಯಾಂಪ್ ರೂಮಿನಲ್ಲಿ ದೀಪ ಕೊಟ್ಟ.