ಹಗ್ಗದ ತುದಿಯಲ್ಲಿದ್ದ ಭೂಪಾಲ ಕಾಕಾ

ಚಂಪಾ ಕಾಕು, ಆ ಸಿನಿಮಾದಿಂದ ನಿಮ್ಮ ಯಜಮಾನರನ್ನು ಅಳಿಸಿದವನು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ ಅಳಿಸಿದೆ. ಆಮೇಲೆ ಜುಗೂಳದ ಅಷ್ಟೂ ಜನರ ಮುಂದೆ ನಿಮ್ಮನ್ನೇ ಸುಳ್ಳುಗಾರ್ತಿ ಮಾಡಿದೆ.

ನಮ್ಮ ಹೊಳೆಯಲ್ಲಿ ಎಂದೋ ತೆಗೆದ ಚಿತ್ರವದು. ಅದರ ಒಂದು ದೃಶ್ಯದಲ್ಲಿ, ಬಿರುಗಾಳಿಗೆ ಸಿಕ್ಕ ನಾಯಕನ ದೋಣಿ ತಾನಾಗಿಯೇ ಸುಳಿಯತ್ತ ಹೋಗಬೇಕು. ಅದನ್ನು ನಿಜಕ್ಕೂ ಹಗ್ಗ ಕಟ್ಟಿ ಎಳೆದವರು ನಿಮ್ಮ ಯಜಮಾನರು, ಭೂಪಾಲ ಕಾಕಾ, ಕುತ್ತಿಗೆಮಟ್ಟ ನೀರಿನಲ್ಲಿ ನಿಂತು. ಚಿತ್ರದವರು ಹಗ್ಗವನ್ನೂ ಮರೆಮಾಡಲಿಲ್ಲ, ಕಾಕಾನ ತಲೆಯನ್ನೂ ಮರೆಮಾಡಲಿಲ್ಲ. ಹೆಸರನ್ನು ಮಾತ್ರ ಎಲ್ಲಿಯೂ ಹಾಕಲಿಲ್ಲ. ಕಾಕಾ ತೀರಿಕೊಂಡ ಮೇಲೆ, ಟಿವಿಯಲ್ಲಿ ಆ ಚಿತ್ರ ಬಂದಾಗಲೆಲ್ಲ ನೀವು ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿಬರುತ್ತಿದ್ದಿರಿ. ಮೂಲೆಯಲ್ಲಿ ಒಂದು ಒದ್ದೆ ತಲೆ, ಒಂದು ಕೈ — ಉಳಿದವರ ಕಣ್ಣಿಗೆ ಬೀಳುವಷ್ಟರಲ್ಲಿ ಅದು ಹೋಗಿಬಿಡುತ್ತಿತ್ತು. “ಗ್ವಾಡಿ ಮ್ಯಾಗಿನ ಫೋಟೋದಾಗ ಸುಮ್ಮನ ಕುಂತಾರ. ಇಲ್ಲಿ ನೋಡಪಾ, ಕೈ ಆಡಸ್ತಾರ,” ಎಂದು ನನಗೇ ತೋರಿಸಿದ್ದಿರಿ.

ಅಥಣಿಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುತ್ತಿದ್ದ ನನಗೆ ನಾನೇ ದೊಡ್ಡ ಕಲಾವಿದ ಎಂಬ ಸೊಕ್ಕು. ಆ ನಾಯಕನ ಅಭಿಮಾನಿಗಳಾದ ನಾವು ಕೆಲವರು ಸೇರಿ ಹಳೆಯ ಚಿತ್ರವನ್ನು ನಮ್ಮಿಷ್ಟದಂತೆ ಹೊಸದಾಗಿ ಕತ್ತರಿಸಿ ಜೋಡಿಸಿದೆವು. ಎಫೆಕ್ಟ್ಸ್ ತಿದ್ದುವ ಕೆಲಸ ನನ್ನದು. ಒಂದೊಂದೇ ಫ್ರೇಮಿನಲ್ಲಿ ಹಗ್ಗವನ್ನು ಒರೆಸುತ್ತ ಹೋದೆ. ತುದಿಯಲ್ಲಿ ಕಾಕಾ ಉಳಿದರು. ಮೌಸ್ ಹಿಡಿದ ಕೈ ನಿಂತಿತು — ಹೌದು, ನಿಂತಿತು, ಅದಕ್ಕೇ ಗೊತ್ತಿದ್ದೇ ಅಳಿಸಿದೆ ಎನ್ನುತ್ತಿದ್ದೇನೆ. ಆಮೇಲೆ ಅವರ ಮೇಲೂ ಪಕ್ಕದ ನೀರನ್ನೇ ಎಳೆದು ಮುಚ್ಚಿಬಿಟ್ಟೆ. “ಏನ್ ಕ್ಲೀನ್ ಮಾಡೀಲೇ!” ಎಂದರು ಗೆಳೆಯರು. ನಾನು ಉಬ್ಬಿಹೋದೆ. ಥೂ ನನ್ನ ಜನ್ಮಕ್ಕೆ!

ಊರಿನ ಸಮುದಾಯ ಭವನದಲ್ಲಿ ಅದನ್ನು ಪರದೆಗೆ ಹಾಕಿದ ದಿನ ನೀವು ಹೊಸ ಸೊಸೆಯನ್ನು ಕೈಹಿಡಿದು ಕರೆತಂದಿರಿ. “ಬಾರವಾ, ನಿಮ್ಮ ಮಾಂವಾರನ್ನ ತೋರಸ್ತೀನಿ.” ದೋಣಿ ಬಂತು, ಹೋಯಿತು. ನೀವು ಎದ್ದು ನಿಂತಿರಿ.

“ಅವರು ಎಲ್ಲಿ ಹೋದ್ರಪಾ?”

ಎಲ್ಲರೂ ನನ್ನತ್ತ ತಿರುಗಿದರು. ನಾನೇ ಅಳಿಸಿದೆ ಎಂದಿದ್ದರೆ — ಬೈಯುತ್ತಿದ್ದಿರಿ, ಅಷ್ಟೇ ತಾನೆ? ಹೊಗಳಿಕೆಯ ರುಚಿ ಹತ್ತಿದ ನಾಲಿಗೆ ಬೇರೆಯೇ ಬೊಗಳಿತು.

“ಕಾಕಾ ಇದರಾಗ ಎಂದೂ ಇರಲಿಲ್ಲರಿ ಕಾಕು. ನಿಮಗ ಭ್ರಮಿ ಆಗೈತಿ.”

ಜನ ನಕ್ಕರು. ಕಂಪ್ಯೂಟರ್ ಬಲ್ಲವನ ಮಾತಲ್ಲವೇ! ನಿಮ್ಮ ಸೊಸೆ ತಲೆ ತಗ್ಗಿಸಿ ಕೂತಳು. ಟಿವಿಯಲ್ಲಿ ಆ ಚಿತ್ರ ಬರುವುದೂ ಅಷ್ಟರಲ್ಲಿ ನಿಂತುಹೋಗಿತ್ತು; ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಲು ನಿಮಗೆ ದಾರಿಯೇ ಉಳಿಯಲಿಲ್ಲ.

ಹೆಸರು ಹಾಕದ ಆ ಚಿತ್ರದವರನ್ನು ನಾನು ಎಷ್ಟು ಬೈದಿದ್ದೇನೆ! ಅವರು ಹೆಸರು ನುಂಗಿದರು, ಸರಿ — ನಾನು? ಮನುಷ್ಯನನ್ನೇ ನುಂಗಿ, ನೀರು ಕುಡಿದು ಸುಮ್ಮನಾದೆ. ಇಷ್ಟು ವರ್ಷ ನಿಮ್ಮ ಮನೆಯ ಚಹಾ ಕುಡಿಯಲು ನನಗೆ ನಾಚಿಕೆಯೂ ಆಗಲಿಲ್ಲ.

ಮೊನ್ನೆ ನಿಮ್ಮ ಮೊಮ್ಮಗಳು, ಅಜ್ಜ ಸಿನಿಮಾದಲ್ಲಿ ಇದ್ದನಂತೆ, ಹೌದೇ ಎಂದು ಕೇಳಿದಳು. ನಾನು ಅಲ್ಲೇ ಕೂತಿದ್ದೆ. ನೀವು ಅಕ್ಕಿ ಆರಿಸುತ್ತಲೇ ಹೇಳಿದಿರಿ:

“ಇಲ್ಲವಾ. ನನಗ ಹಂಗ ಅನಸಿತ್ತು ಅಷ್ಟ. ಈ ಮಾಮಾ ಹೇಳ್ಯಾನಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಕಾಕು. ನೀವು ನಂಬಿಬಿಟ್ಟಿದ್ದಿರಿ. ನಿಮ್ಮ ಕಣ್ಣನ್ನು ಬಿಟ್ಟು ನನ್ನಂಥವನನ್ನು —

ಕಾಕಾ ಇರುವ ಹಳೆಯ ಪ್ರತಿ ನನ್ನ ಬಳಿ ಇದೆ, ಅಂದೂ ಇತ್ತು. ಬರುವ ಭಾನುವಾರ ಅದೇ ಭವನದಲ್ಲಿ ಮೊದಲು ಈ ಕಾಗದವನ್ನು ಎಲ್ಲರಿಗೂ ಓದಿ ಹೇಳಿ, ಆಮೇಲೆ ಅದನ್ನು ಹಾಕುತ್ತೇನೆ. ನನ್ನನ್ನು ಕ್ಷಮಿಸಬೇಡಿ. ಮೊಮ್ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ದೋಣಿ ಬಂದಾಗ ಎಡಮೂಲೆ ನೋಡಲು ಹೇಳಿ.