ಯುಗಾದಿಗೆ ಬಳಿದ ಗೋಡೆ

ನಾನು ಚಿಕ್ಕವನಿದ್ದಾಗ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ಗೋಡೆ ಸದಾ ಬೆವರುತ್ತಿತ್ತು. ಗೋಡೆಯ ಆಚೆಗೆ ಬಚ್ಚಲು, ಈಚೆಗೆ ನಾವು. ಮುಟ್ಟಿದರೆ ಅಂಗೈಗೆ ಉಪ್ಪಿನ ಪುಡಿ ಅಂಟುತ್ತಿತ್ತು, ಮೂಗಿಗೆ ಹಳೆಯ ಗೋಣಿಚೀಲದ ಮುಗ್ಗಲು ವಾಸನೆ. ನಾನು ಹೇಳಹೊರಟ ಯುಗಾದಿಯ ಹಿಂದಿನ ವರ್ಷ ಅಪ್ಪ ಅದಕ್ಕೆ ಗಾರೆ ಮಾಡಿದ್ದರು, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಸೈನೈಡ್ ಗುಡ್ಡದ ಮಣ್ಣಿನಲ್ಲಿ. ಹಿಟ್ಟಿನಂಥ ಮರಳು, ಜರಡಿ ಹಿಡಿಯುವ ಕೆಲಸವಿಲ್ಲ, ಮೇಲಾಗಿ ಪುಕ್ಕಟೆ. ಅದರಲ್ಲಿ ಉಪ್ಪಿದೆ, ಗೋಡೆ ಒಣಗುವುದಿಲ್ಲ ಎಂದು ಅಮ್ಮ ಬಡಕೊಂಡಿದ್ದಳು. ಫ್ಯಾಕ್ಟರಿಯಲ್ಲಿ ಮೇಲಿನವರ ಮಾತೆಲ್ಲ ಕೇಳಿ ಬರುತ್ತಿದ್ದ ಅಪ್ಪ ಮನೆಯಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಯುಗಾದಿಗೆ ಮನೆಗೆ ಸುಣ್ಣ ಬಳಿಯಲೇಬೇಕು. ಆ ವರ್ಷ ಹಬ್ಬದ ಹಿಂದಿನ ದಿನ ಅಪ್ಪ ಮತ್ತೆ ಅದೇ ಮಣ್ಣು ತಂದು ಸುರಿದರು. ಹಬ್ಬದ ಮಾರನೆಯ ದಿನ ಅಕ್ಕನಿಗೆ ಹತ್ತನೆಯ ತರಗತಿಯ ಗಣಿತ ಪರೀಕ್ಷೆ. ನಮ್ಮ ಬೀದಿಯಲ್ಲಿ ಹತ್ತರವರೆಗೆ ಓದಿದ ಹುಡುಗಿ ಅವಳೊಬ್ಬಳೇ. ಪಾಸಾಗಿ ಟೀಚರಾಗಬೇಕೆಂದು ಅವಳ ಆಸೆ.

“ಅಪ್ಪಾ, ಲೆಕ್ಕ ಇನ್ನೂ ಬಾಕಿ ಐತೆ,” ಎಂದಳು.

“ಲೆಕ್ಕ ಆಮೇಲೆ ಮಾಡ್ಕೋ. ಅಬ್ಬ ನಾಳೆ ಕಣೇ. ಬಾ ಇಲ್ಲಿ.”

ಉಬ್ಬಿದ ಗಾರೆಯನ್ನು ಅವಳೇ ಕೆರೆದಳು. ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುತ್ತಿತ್ತು, ಅದರ ಹಬೆಗೆ ನಮ್ಮೆಲ್ಲರಿಗೂ ಕೆಮ್ಮು. ಆ ಸುಣ್ಣಕ್ಕೆ ಮಣ್ಣು ಕಲಸಿದ ಹೊಸ ಗಾರೆಯನ್ನು ಕರಣೆಯಲ್ಲಲ್ಲ, ಅಂಗೈಯಲ್ಲೇ ತಿಕ್ಕಬೇಕೆಂದು ಅಪ್ಪನ ಅಪ್ಪಣೆ. ಆಗಲೇ ನುಣುಪು ಬರುವುದಂತೆ. ತಾವು ಮಾತ್ರ ಮಂಚದ ಮೇಲೆ ಕೂತು ಬೀಡಿ ಸೇದುತ್ತಾ ಬೆರಳು ತೋರಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಬೆರಳುಗಳು ಬಿಳಚಿ, ಬಿರಿದು, ರಕ್ತ ಒಸರಿತು.

“ಉರೀತೈತಪ್ಪಾ.”

“ಸುಣ್ಣ ಉರೀದೆ ಐಸ್‌ಕ್ಯಾಂಡಿ ತರ ತಂಪಾಗಿರ್ತದಾ?” ಅಪ್ಪ ನಕ್ಕರು. ಅಮ್ಮ ಕೊಬ್ಬರಿ ಎಣ್ಣೆ ಹಿಡಿದು ಬಾಗಿಲಿಗೆ ಬಂದಳು. ಅಪ್ಪ ಕಣ್ಣು ಬಿಟ್ಟದ್ದಕ್ಕೆ ಹಾಗೇ ಒಳಗೆ ಹೋದಳು.

ಸಂಜೆ ನೀಲಿ ಬೆರೆಸಿದ ಸುಣ್ಣ ಬಳಿದಾಗ ಗೋಡೆ ಚೆನ್ನಾಗಿಯೇ ಕಂಡಿತು. ಮಾರನೆಯ ದಿನ ಒಬ್ಬಟ್ಟಿನ ಊಟದ ಹೊತ್ತಿಗೆ ಮತ್ತೆ ಬೆವರಿತು. “ಇವ್ಳು ಸರಿಯಾಗಿ ತಿಕ್ಕಿಲ್ಲ,” ಎಂದರು ಅಪ್ಪ, ತುಪ್ಪ ಹಾಕಿಸಿಕೊಳ್ಳುತ್ತಾ.

ಅಕ್ಕ ಬೆರಳಿಗೆ ಬಟ್ಟೆ ಸುತ್ತಿಕೊಂಡು ಪರೀಕ್ಷೆಗೆ ಹೋದಳು. ಪೆನ್ನು ಹಿಡಿಯಲಾಗಲಿಲ್ಲ. ಗೊತ್ತಿದ್ದ ಲೆಕ್ಕಗಳನ್ನೇ ಅರ್ಧಕ್ಕೆ ಬಿಟ್ಟು ಬಂದಳು. ಫೇಲಾದಳು. “ತಲೆ ಇಲ್ದೋಳಿಗೆ ಓದ್ಯಾಕೆ?” ಎಂದು ಅಪ್ಪ ಅವಳ ಪುಸ್ತಕಗಳನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಟ್ಟರು. ಅಂದು ಅಪ್ಪನ ಮೇಲೆ ಬಂದ ಸಿಟ್ಟು, ಅವರು ಸತ್ತು ಇಷ್ಟು ಕಾಲವಾದರೂ ನನಗೆ ಇಳಿದಿಲ್ಲ.

ಮೊಮ್ಮಕ್ಕಳೇ, ಈಗ ಬಂಗಾರಪೇಟೆಯ ನಮ್ಮ ಮನೆಯ ಗೋಡೆಗೂ ತೇವ ಬಂದಿದೆ. ಮೊನ್ನೆ ಪೇಂಟರ್ ಬಂದಾಗ ಅವನ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು. ನಿಮ್ಮಪ್ಪ ಅವನನ್ನು ಬಾಗಿಲಲ್ಲೇ ತಡೆದು, “ಮಗಳಿಗೆ ಪರೀಕ್ಷೆ ಐತೆ, ಮುಗಿದ್ಮೇಲೆ ಬಾರಪ್ಪ,” ಅಂದ. ನೀವು ಮೊಬೈಲಿನಿಂದ ತಲೆ ಕೂಡ ಎತ್ತಲಿಲ್ಲ. ನಿಮಗೆ ಅದು ಮಾಮೂಲಿ ಮಾತು. ನಮ್ಮಪ್ಪನ ಬಾಯಿಂದ ಆ ಒಂದು ಮಾತು ಬರಲಿಲ್ಲ. ಅಕ್ಕ ಕಂಡವರ ಮನೆಗಳಿಗೆ ಸುಣ್ಣ ಬಳಿಯುತ್ತಲೇ ಮುದುಕಿಯಾದಳು.