ಕಡಬದ ಏರಿ ಮೇಲಿನ ಡಬ್ಬಿ

ತುಮಕೂರಿನ ಸದಾಶಿವನಗರದಲ್ಲಿ ಒಳ್ಳೆಯ ಬ್ಲೌಸ್ ಹೊಲಿಯುವವರು ಯಾರು ಎಂದು ಕೇಳಿದರೆ ಜನ ಶಶಿಕಲಾಳ ಮನೆ ತೋರಿಸುತ್ತಾರೆ. ಮನೆಯ ಮುಂದಿನ ರೂಮೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್, ಪಕ್ಕದಲ್ಲಿ ಫಾಲ್ ಹಾಕಲು ಬಂದ ಸೀರೆಗಳ ರಾಶಿ, ಕೊರಳಲ್ಲಿ ಸದಾ ನೇತಾಡುವ ಟೇಪು. ಮದುವೆ ಸೀಸನ್‌ನಲ್ಲಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳ ಆಡಬಲ್ಲಳು ಎಂದು ಅವಳ ಗಂಡ ಗಂಗಾಧರ್ ರೇಗಿಸುತ್ತಿದ್ದ. ಅವನು ಕೋರ್ಟಿನಲ್ಲಿ ಟೈಪಿಸ್ಟ್. ಭಾನುವಾರ ಬಂತೆಂದರೆ ಪೇಪರು, ಟಿವಿ, ನಿದ್ದೆ, ಅಷ್ಟೇ ಅವನ ಲೋಕ.

ಮಿಷನ್‌ಗೆ ಮೋಟಾರ್ ಹಾಕಿಸಿದ ಮೇಲೆ ಶಶಿಕಲಾಳ ಕಾಲಿಗೆ ಕೆಲಸ ತಪ್ಪಿತು. ಕೂತು ಕೂತು ಮಂಡಿ ಹಿಡಿದುಕೊಳ್ಳತೊಡಗಿತು. ಡಾಕ್ಟರು ನಡೆಯಿರಿ ಅಂದರು. ಸಂಜೆ ಹೊತ್ತು ಪಾರ್ಕಿನಲ್ಲಿ ಸುತ್ತು ಹಾಕಿ ನೋಡಿದಳು. ಅದೇ ಬೆಂಚು, ಅದೇ ಗಿಡ, ಅದೇ ಮುಖಗಳು. ವಾರ ತುಂಬುವಷ್ಟರಲ್ಲಿ ಸಾಕಾಗಿಹೋಯಿತು.

ಮಹಡಿಯ ಮನೆಗೆ ನಂದಿತಾ ಬಾಡಿಗೆಗೆ ಬಂದದ್ದು ಆ ಸಮಯದಲ್ಲೇ. ಕಾಲೇಜಿನಲ್ಲಿ ಗಣಿತ ಪಾಠ ಹೇಳುವ ಹುಡುಗಿ. ಪ್ರತಿ ಭಾನುವಾರ ಬೆಳಗ್ಗೆ ಸೈಕಲ್ ಇಳಿಸಿಕೊಂಡು ಹೊರಟರೆ ಮಧ್ಯಾಹ್ನ ಕೆಂಪು ಧೂಳು ಮೆತ್ತಿಕೊಂಡು, ಮುಖದ ತುಂಬ ನಗು ಹೊತ್ತುಕೊಂಡು ವಾಪಸಾಗುತ್ತಿದ್ದಳು. ಶಶಿಕಲಾಳಿಗೆ ತಡೆಯಲಾಗಲಿಲ್ಲ.

"ಪ್ರತಿ ಭಾನುವಾರ ಎಲ್ಲಿಗ್ ಹೋಗ್ತೀಯ ಕಣೇ?"

"ನಿಧಿ ಹುಡುಕೋಕೆ, ಅಕ್ಕ."

ಶಶಿಕಲಾ ಕತ್ತರಿ ಕೆಳಗಿಟ್ಟಳು. ನಂದಿತಾ ಬಾಗಿಲಲ್ಲೇ ಕೂತು ವಿವರಿಸಿದಳು. ಜಿಯೋಕ್ಯಾಚಿಂಗ್ ಅಂತ ಒಂದು ಆಟ. ಯಾರೋ ಒಬ್ಬರು ಬೆಟ್ಟದ ದಾರಿಯಲ್ಲೋ ಕೆರೆ ಏರಿಯಲ್ಲೋ ಒಂದು ಪುಟ್ಟ ಡಬ್ಬಿ ಬಚ್ಚಿಟ್ಟು, ಆ ಜಾಗದ ಗುರುತನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಿಕೊಂಡು ಹೋಗಬೇಕು. ಸಿಕ್ಕರೆ ಒಳಗಿರುವ ಚೀಟಿಯಲ್ಲಿ ಹೆಸರು ಬರೆದು, ಬೇಕಿದ್ದರೆ ಒಂದು ಪುಟ್ಟ ಸಾಮಾನು ತೆಗೆದುಕೊಂಡು, ಇನ್ನೊಂದು ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು.

"ಸಿಕ್ರೆ ಏನ್ ಕೊಡ್ತಾರೆ?"

"ಏನೂ ಕೊಡಲ್ಲ ಅಕ್ಕ. ಸಿಕ್ತು ಅನ್ನೋ ಖುಷಿ."

"ಏನೂ ಕೊಡಲ್ವಂತೆ, ಅದಕ್ಕೆ ಬೆಟ್ಟ ಹತ್ತಬೇಕಂತೆ," ಎಂದು ಒಳಗಿನಿಂದ ಗಂಗಾಧರ್ ನಕ್ಕ. ಆ ನಗು ಕೇಳಿಯೇ ಇರಬೇಕು, ಶಶಿಕಲಾ ಆ ಕ್ಷಣವೇ ಹೇಳಿಬಿಟ್ಟಳು: "ಬರೋ ವಾರ ನಾನೂ ಬರ್ತೀನಿ."

ಮೊದಲ ಸಲ ಹೋದದ್ದು ದೇವರಾಯನದುರ್ಗದ ಕಾಡಂಚಿನ ಕಾಲುದಾರಿಗೆ. ಚೂಡಿದಾರಕ್ಕೆ ಗಂಡನ ಹಳೇ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದಳು. ಫೋನಿನ ಬಾಣ ಒಂದು ಬಂಡೆಯ ಹತ್ತಿರ ಬಂದು ನಿಂತಿತು. ಇಲ್ಲೇ ಎಲ್ಲೋ ಇದೆ ಎಂದಿತೇ ಹೊರತು ಎಲ್ಲಿ ಎಂದು ಹೇಳಲಿಲ್ಲ. ಇಬ್ಬರೂ ಲಂಟಾನ ಪೊದೆಗಳ ಒಳಗೆ ಕೈಹಾಕಿ ಗೀರಿಸಿಕೊಂಡರು. ಬಂಡೆಯ ಸಂದು ಸಂದಿಗೂ ಕಡ್ಡಿ ತೂರಿಸಿ ನೋಡಿದರು. ಕೊನೆಗೆ ಶಶಿಕಲಾ ಸುಸ್ತಾಗಿ, "ನನ್ ಕೈಲಾಗಲ್ಲ ಬಿಡು" ಎಂದು ಒಂದು ಕಲ್ಲಿನ ಮೇಲೆ ಕುಕ್ಕರಿಸಿದಳು. ಕಲ್ಲು ಅಲ್ಲಾಡಿತು. ಎದ್ದು, ಅದನ್ನು ಸರಿಸಿ ನೋಡಿದರೆ ಅಡಿಯಲ್ಲಿ ಊಟದ ಬಾಕ್ಸಿನಂಥ ಹಸಿರು ಡಬ್ಬಿ!

ಅವಳು ಹಾಕಿದ ಕೂಗಿಗೆ ಮರದ ಮೇಲಿದ್ದ ಕೋತಿಗಳೆಲ್ಲ ಚೆದುರಿ ಓಡಿದವು. ಒಳಗೆ ಒಂದು ಗೋಲಿ, ಒಂದು ಕೀ ಚೈನು, ಮುರಿದ ಪೆನ್ಸಿಲು. ಮೂರೂ ಸೇರಿ ಒಂದು ಟೀ ಬೆಲೆ ಬಾಳುವ ಸಾಮಾನಲ್ಲ. ಆದರೂ ಶಶಿಕಲಾ ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದಳು. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಅದರ ಕೆಳಗೆ 'ಟೈಲರ್, ತುಮಕೂರು' ಎಂದೂ ಸೇರಿಸಿದಳು.

ಅಲ್ಲಿಂದಾಚೆಗೆ ಅವಳನ್ನು ಹಿಡಿಯುವವರೇ ಇಲ್ಲವಾದರು. ಗುಬ್ಬಿಯ ತವರುಮನೆಯಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ದೊಡ್ಡ ಸೈಕಲ್ಲಿನ ಬಾರ್ ಕೆಳಗೆ ಕಾಲು ತೂರಿಸಿ ಬೀದಿಯೆಲ್ಲ ಸುತ್ತಿದವಳು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಈಗ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ತಂದಳು. ಒಂದು ಭಾನುವಾರ ಇಬ್ಬರೂ ಕುಣಿಗಲ್ ದೊಡ್ಡಕೆರೆಯ ಡಬ್ಬಿ ಹುಡುಕಲು ಹೊರಟರು. ಹೆಬ್ಬೂರಿನಲ್ಲಿ ಟೀ ಕುಡಿದು, ಬನ್ ತಿಂದು, ಕುಣಿಗಲ್ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಏರಿಯ ಕಲ್ಲುಗಳನ್ನೆಲ್ಲ ತಡಕಿದರೂ ಡಬ್ಬಿ ಸಿಗಲಿಲ್ಲ. ವಾಪಸ್ ತುಳಿಯಲು ಶಶಿಕಲಾಳ ಕಾಲು ಒಪ್ಪಲಿಲ್ಲ. ಎಳನೀರು ಇಳಿಸಿ ತುಮಕೂರಿಗೆ ಖಾಲಿ ಹೊರಟಿದ್ದ ಗಾಡಿಯವನನ್ನು ಬೇಡಿಕೊಂಡು, ಸೈಕಲ್‌ಗಳ ಜೊತೆ ತಾವೂ ಹಿಂದೆ ಹತ್ತಿ ಕೂತರು. ಗಾಳಿಗೆ ಕೂದಲೆಲ್ಲ ಕೆದರಿ, ದಾರಿಯುದ್ದಕ್ಕೂ ಯಾವುದಕ್ಕೆಂದು ಗೊತ್ತಿಲ್ಲದೆ ನಗುತ್ತಾ ಬಂದರು.

"ಸಿಕ್ತಾ?" ಎಂದು ಗಂಗಾಧರ್ ಕೇಳಿದ.

"ಇಲ್ಲ ಕಣ್ರೀ!" ಎಂದು ಶಶಿಕಲಾ ಹೇಳಿದ ರೀತಿ ನೋಡಿದರೆ ಲಾಟರಿ ಹೊಡೆದವಳಂತಿತ್ತು. ಗಂಡ ತಲೆ ಕೆರೆದುಕೊಂಡು ಒಳಗೆ ಹೋದ.

ಹುಡುಕಿ ಹುಡುಕಿ, ತಾನೂ ಒಂದು ಡಬ್ಬಿ ಬಚ್ಚಿಡಬೇಕು ಅನ್ನುವ ಆಸೆ ಹುಟ್ಟಿತು. ಜಾಗ ಯೋಚಿಸಲೇ ಬೇಕಿರಲಿಲ್ಲ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ. ಏರಿಯ ಕೊನೆಯಲ್ಲಿ ತೆಂಗಿನ ತೋಟಗಳಿಗೆ ಹೋಗುವ ದಾರಿ, ಆ ದಾರಿ ಬದಿಗೆ ಒಂದು ಹಳೇ ಹುಣಸೆಮರ, ಮರದಲ್ಲಿ ಒಂದು ಪೊಟರೆ. ಸೈಕಲ್ ಹೊಡೆಯುವವರಿಗೆ ಅದಕ್ಕಿಂತ ಚೆಂದದ ದಾರಿ ಬೇರೆ ಇಲ್ಲ.

ಡಬ್ಬಿಗೆ ಮರದ ತೊಗಟೆಯ ಬಣ್ಣದ ಬಟ್ಟೆಯಲ್ಲಿ ಗವಸು ಹೊಲಿದಳು. ಒಳಗಿಡಲು ಮಿಕ್ಕ ಬ್ಲೌಸ್ ಪೀಸುಗಳಲ್ಲಿ ಒಂದು ಪುಟ್ಟ ಗೊಂಬೆ ಮಾಡಿದಳು. ಕಣ್ಣಿಗೆ ಕರೀ ಗುಂಡಿ, ತಲೆಗೆ ಕೆಂಪು ದಾರದ ಕೂದಲು. ಜೊತೆಗೆ ಸೀರೆ ಸೆರಗಿನ ಎರಡು ಕುಚ್ಚು.

"ಅಕ್ಕ, ಊರಿನೋರಿಗೆ ಒಂದ್ ಮಾತು ಹೇಳ್ಬೇಕಲ್ವ?" ಎಂದು ನಂದಿತಾ ಕೇಳಿದಳು.

"ನಮ್ ಕಡೆ ಊರೇ ಕಣೇ. ಯಾರೇನಂತಾರೆ ಬಿಡು."

ಯಾರೇನಂದರು ಅನ್ನುವುದು, ಡಬ್ಬಿಯನ್ನು ಪೊಟರೆಯಲ್ಲಿಟ್ಟು ಗುರುತನ್ನು ಆ್ಯಪ್‌ಗೆ ಹಾಕಿ ಒಂದು ತಿಂಗಳಾದ ಮೇಲೆ ತಿಳಿಯಿತು. ಆ್ಯಪ್‌ನಲ್ಲಿ ಬೆಂಗಳೂರಿನ ಇಬ್ಬರು ಬರೆದಿದ್ದರು: 'ಮರ ಸಿಕ್ಕಿತು. ಡಬ್ಬಿ ಮುಟ್ಟಲಿಲ್ಲ. ಅದರ ಮುಂದೆ ನಿಂಬೆಹಣ್ಣು, ಬೇವಿನಸೊಪ್ಪು, ಕುಂಕುಮ ಇತ್ತು. ಹೆದರಿ ವಾಪಸ್ ಬಂದೆವು.'

ಶಶಿಕಲಾ ಆಗಲೇ ಕಡಬಕ್ಕೆ ಹೊರಟಳು. ನಂದಿತಾಳಿಗೆ ಪರೀಕ್ಷೆ ಡ್ಯೂಟಿ. ಗಂಡನನ್ನೇ ಎಬ್ಬಿಸಿ ಸ್ಕೂಟರ್ ಹತ್ತಿಸಿದಳು. ದಾರಿಯುದ್ದಕ್ಕೂ ಗಂಗಾಧರ್ ಗೊಣಗಿದ.

ಕಡಬದ ಏರಿ ಮೇಲೆ ಹುಣಸೆಮರದಿಂದ ದೂರದಲ್ಲಿ ಒಬ್ಬ ಮುದುಕ ಮೇಕೆ ಮೇಯಿಸುತ್ತಿದ್ದ. ಹೆಸರು ಯಲ್ಲಯ್ಯ. ಇವರು ಮರದತ್ತ ಹೊರಟದ್ದೇ ತಡ, ಅಲ್ಲಿಂದಲೇ ಕೋಲು ಎತ್ತಿ ಕೂಗಿದ.

"ಅತ್ಲಾಗ್ ಹೋಗ್ಬ್ಯಾಡಿ ಕಣವ್ವೋ! ಯಾರೋ ಮಾಟ ಮಾಡಿ ಮಡಗವ್ರೆ!"

ಅವನು ಹತ್ತಿರ ಬಂದು ಕಥೆಯೆಲ್ಲ ಹೇಳಿದ. ಅವನ ಮೇಕೆ ಪೊಟರೆಗೆ ಬಾಯಿ ಹಾಕಿ ಗವಸು ಎಳೆದಿತ್ತು. ಡಬ್ಬಿ ಬಿದ್ದು ಮುಚ್ಚಳ ತೆರೆದು, ಗುಂಡಿಗಣ್ಣಿನ ಗೊಂಬೆ ಅವನನ್ನೇ ನೋಡಿತ್ತು. ಕೋಲಿನಿಂದಲೇ ಎಲ್ಲವನ್ನೂ ಒಳಗೆ ತಳ್ಳಿ ಊರಿಗೆ ಓಡಿದ್ದ. ಅಂದಿನಿಂದ ಹೆಂಗಸರು ತೋಟಕ್ಕೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದರು. ನಿಂಬೆಹಣ್ಣು ಇಟ್ಟವಳು ಹೊಂಬಾಳಮ್ಮ. ಊರಲ್ಲಿ ಎಲ್ಲರಿಗೂ ಹಿರಿಯಳು, ಅವಳ ಮಾತಿಗೆ ಎದುರಾಡುವವರಿಲ್ಲ.

ಗಂಗಾಧರ್ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ನಮ್ದಲ್ಲ ಅಂದ್ಬಿಡೇ. ಸುಮ್ನೆ ಗಾಡಿ ತಿರುಗಿಸ್ತೀನಿ."

ಶಶಿಕಲಾಳಿಗೂ ಅದೇ ಸುಲಭ ಅನ್ನಿಸಿತು. ಆದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಬಿಸಿಲಲ್ಲಿ ಗದ್ದೆ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳು ಕಣ್ಣಿಗೆ ಬಿದ್ದಳು. ತನ್ನ ಆಟಕ್ಕೆ ಅವಳ ಕುತ್ತಿಗೆ ನೋಯಬೇಕೇ?

"ಅಣ್ಣ, ಅದು ಮಾಟ ಅಲ್ಲ," ಅಂದಳು. "ಮಡಗಿದ್ದು ನಾನೇ. ಹೊಂಬಾಳಮ್ಮೋರ್ನ ಕರೀರಿ."

ಹೊಂಬಾಳಮ್ಮ ಬಂದಳು, ಜೊತೆಗೆ ಅರ್ಧ ಊರೇ ಬಂತು. ಶಶಿಕಲಾ ಎಲ್ಲರ ಎದುರಿಗೆ ಪೊಟರೆಗೆ ಕೈಹಾಕಿ ಡಬ್ಬಿ ತೆಗೆದಳು. ಜನ ಹಿಂದಕ್ಕೆ ಸರಿದರು. ಅವಳು ಗೊಂಬೆಯನ್ನು ಎತ್ತಿ ಹಿಡಿದಳು.

"ನೋಡಿ, ನಾನು ಟೈಲರ್ರು. ಗುಬ್ಬಿ ಹುಡುಗೀನೇ. ಇದು ಬ್ಲೌಸ್ ಪೀಸು, ಇದು ಷರಟಿನ ಗುಂಡಿ, ಇದು ಸೆರಗಿನ ಕುಚ್ಚು. ಇದೊಂದು ಆಟ, ಅಷ್ಟೇ. ನಿಮ್ಮನ್ನ ಒಂದ್ ಮಾತು ಕೇಳ್ದೆ ಮಡಗಿದ್ದು ನನ್ನ ತಪ್ಪು."

ಹೊಂಬಾಳಮ್ಮ ಗೊಂಬೆ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಏನ್ಲಾ ಯಲ್ಲಯ್ಯ," ಅಂದಳು ಕೊನೆಗೆ, "ಈ ಪಾಟಿ ಮುದ್ದಾಗೈತೆ, ಇದ್ಕಾ ನೀನು ಓಡ್ಬಂದಿದ್ದು?"

ನಗು ಏರಿಯುದ್ದಕ್ಕೂ ಹಬ್ಬಿತು. ಯಲ್ಲಯ್ಯ ಮೇಕೆಯನ್ನು ಬೈದ.

"ಅದೇನ್ ಆಟ, ನಂಗೂ ತೋರ್ಸವ್ವ," ಎಂದಳು ಹೊಂಬಾಳಮ್ಮ. ಗಂಗಾಧರ್‌ಗೆ ಬೇರೆ ದಾರಿಯಿರಲಿಲ್ಲ. ಡಬ್ಬಿ ತೆಗೆದುಕೊಂಡು ಏರಿಯ ಆಚೆ ಬದಿಯಲ್ಲಿ ಬಚ್ಚಿಟ್ಟು, ಜಾಗದ ಗುರುತು ಫೋನಿಗೆ ಹಾಕಿ ಬಂದ. ಶಶಿಕಲಾ ಫೋನನ್ನು ಹೊಂಬಾಳಮ್ಮನ ಅಂಗೈ ಮೇಲೆ ಇಟ್ಟು, ಬಾಣ ತೋರಿಸಿದ ಕಡೆ ನಡೆಯಬೇಕು ಎಂದಳು. ಅಜ್ಜಿ ಮಂಗಳಾರತಿ ತಟ್ಟೆ ಹಿಡಿದಂತೆ ಫೋನು ಹಿಡಿದು ಹೊರಟಳು. ಹಿಂದೆ ಊರಿನ ಮೆರವಣಿಗೆ. ಬಾಣ ತಿರುಗಿದರೆ ಅಜ್ಜಿಯೂ ತಿರುಗುತ್ತಿದ್ದಳು, ಅಜ್ಜಿ ತಿರುಗಿದರೆ ಊರೂ ತಿರುಗುತ್ತಿತ್ತು. ಕೆರೆಯ ತೂಬಿನ ಹತ್ತಿರ ಬಾಣ ನಿಂತಿತು. ಅವಳು ಸೆರಗು ಸಿಕ್ಕಿಸಿ, ಬಗ್ಗಿ, ಕಲ್ಲಿನ ಸಂದಿಗೆ ಕೈಹಾಕಿದಳು.

"ಸಿಕ್ತು ಕಣ್ರಪ್ಪೋ! ಸಿಕ್ತು!"

ಎಂಬತ್ತರ ಹತ್ತಿರದ ಆ ಮುದುಕಿ ಡಬ್ಬಿಯನ್ನು ತಲೆಯ ಮೇಲೆ ಎತ್ತಿ ಕುಣಿದಳು. ಚೀಟಿ ಕೇಳಿ ಇಸಿದುಕೊಂಡು, ಮಂಡಿಯ ಮೇಲಿಟ್ಟು, ನಾಲಗೆ ಹೊರಗೆ ಚಾಚಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಗೊಂಬೆ ತೆಗೆದುಕೊಂಡು, ಅದರ ಬದಲಿಗೆ ಕೈಯಿಂದ ಒಂದು ಹಸಿರು ಬಳೆ ಕಳಚಿ ಡಬ್ಬಿಗೆ ಹಾಕಿದಳು. ಡಬ್ಬಿ ಊರಲ್ಲೇ ಇರಲಿ ಎಂದು ಎಲ್ಲರೂ ಒಪ್ಪಿದರು. ಮೇಕೆಗೆ ಎಟುಕದ ಎತ್ತರದ ಕವಲೊಂದನ್ನು ಯಲ್ಲಯ್ಯನೇ ಮರದಲ್ಲಿ ಹುಡುಕಿಕೊಟ್ಟ.

ಈಗ ಕಡಬಕ್ಕೆ ಸೈಕಲ್ಲಿನವರು ಬರುತ್ತಲೇ ಇರುತ್ತಾರೆ. ಅವರ ದೂರು ಒಂದೇ: ಹುಡುಕಲು ಅಲ್ಲಿ ಬಿಡುವುದಿಲ್ಲ. ಹೊಂಬಾಳಮ್ಮ ಏರಿಯ ಮೇಲೆ ಕೂತು, "ಇನ್ನೊಸಿ ಮುಂದ್ಕೆ... ಅಲ್ಲಲ್ಲ, ಮ್ಯಾಲಕ್ಕೆ ನೋಡಪ್ಪ ಮ್ಯಾಲಕ್ಕೆ!" ಎಂದು ಕೂಗಿಬಿಡುತ್ತಾಳೆ. ಒಬ್ಬ ಆ್ಯಪ್‌ನಲ್ಲಿ ಬರೆದ: 'ಡಬ್ಬಿ ನಾನು ಹುಡುಕಲಿಲ್ಲ, ಅಜ್ಜಿ ಹುಡುಕಿಸಿದರು. ಮುದ್ದೆ, ಅವರೆಕಾಳು ಸಾರು ಉಂಡು ಬಂದೆ.' ಶಶಿಕಲಾ ಅದನ್ನು ಗಿರಾಕಿಗಳಿಗೆಲ್ಲ ಓದಿ ಹೇಳಿದಳು. ಬ್ಲೌಸ್ ಅಳತೆ ಕೊಡಲು ಬಂದವರು ಎಷ್ಟೋ ಜನ ಆಟದ ಆ್ಯಪ್ ಹಾಕಿಸಿಕೊಂಡು ಹೋದರು.

ಗಂಗಾಧರ್ ಮಾತ್ರ ಕಡಬದ ವಿಷಯ ಎತ್ತಲಿಲ್ಲ. ಆದರೆ ಅಲ್ಲಿಂದ ಬಂದ ಮುಂದಿನ ಭಾನುವಾರವೇ ಶಶಿಕಲಾ ಗೇಟು ತೆರೆದರೆ ಅವನು ಟೋಪಿ ಹಾಕಿ, ಬಾಟಲಿಗೆ ನೀರು ತುಂಬಿ ಹೊರಗೆ ನಿಂತಿದ್ದ.

"ಎಲ್ಲಿಗ್ರೀ?"

"ಹುಲಿಯೂರುದುರ್ಗಕ್ಕೆ ಅಂತ ನೀವೇ ಮಾತಾಡ್ಕೊತಿದ್ರಲ್ಲ. ನಿಮ್ಮಿಬ್ರಿಗೂ ಸರಿಯಾಗಿ ಹುಡುಕೋಕ್ ಬರಲ್ಲ. ನಾನೂ ಬರ್ತೀನಿ."

ನಂದಿತಾಳೂ ಸೇರಿ ಮೂವರೂ ಕುಣಿಗಲ್‌ವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬೆಟ್ಟದ ಬುಡ ತಲುಪಿದರು. ಏರುವಾಗ ಗಂಗಾಧರ್ ಮಾರು ದೂರಕ್ಕೊಮ್ಮೆ ನಿಂತ, ಸೊಂಟ ಹಿಡಿದುಕೊಂಡ, ಕೋರ್ಟಿನ ಕುರ್ಚಿಯನ್ನು ನೆನೆಸಿಕೊಂಡ. ಹಳೇ ಕೋಟೆಗೋಡೆಯ ಹತ್ತಿರ ಬಾಣ ನಿಂತಿತು. ಹೆಂಗಸರಿಬ್ಬರೂ ಗೋಡೆಯುದ್ದಕ್ಕೂ ಕಲ್ಲು ತಡಕುತ್ತಾ ಹೋದರು. ಅವನು ಏದುಸಿರು ಬಿಡುತ್ತಾ ನೆರಳಲ್ಲಿ ಕಾಲು ಚಾಚಿ, ಬೆನ್ನ ಹಿಂದೆ ಕೈ ಊರಿದ. ಕೈಗೆ ತಣ್ಣಗೆ ಏನೋ ತಗುಲಿತು. ಹೆಬ್ಬೆರಳ ಗಾತ್ರದ ಒಂದು ಸ್ಟೀಲ್ ಡಬ್ಬಿ.

ಅವನು ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಚೀಟಿ ಬಿಚ್ಚಿ, ಮುತ್ತಿನಂಥ ಅಕ್ಷರದಲ್ಲಿ ಹೆಸರು ಬರೆದು, ಡಬ್ಬಿಯನ್ನು ಸಂದಿಗೆ ಸೇರಿಸಿ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

"ರೀ, ಸುಮ್ನೆ ಕೂತಿದೀರಲ್ಲ, ನೀವೂ ಹುಡುಕ್ರೀ!" ಎಂದು ಶಶಿಕಲಾ ಆ ತುದಿಯಿಂದ ಕೂಗಿದಳು.

"ಹುಡುಕ್ತಾ ಇದೀನಿ ಕಣೇ," ಅಂದ ಗಂಗಾಧರ್, ಟೋಪಿಯ ಅಡಿಯಲ್ಲಿ ನಗು ತಡೆಯಲಾಗದೆ.